ಅಡ್ಡ ಗೀರಿದ ಮುಖ

ಹಳೆಯ ಯಕ್ಷಗಾನ ಕ್ಯಾಸೆಟ್ಟುಗಳ ಕವರಿನ ಚಿತ್ರಗಳನ್ನು ಮರದ ಹಲಗೆಯಲ್ಲಿ ಕೆತ್ತಿ, ಒಂದೊಂದಕ್ಕೂ ಇಪ್ಪತ್ತೇ ಪ್ರತಿ ಅಚ್ಚು ಹಾಕುತ್ತಿದ್ದೆ. ಇನ್ನೊಂದು ತೆಗೆಯಲಾಗದಂತೆ ಆಮೇಲೆ ಹಲಗೆಗೆ ಉಳಿಯಿಂದ ಅಡ್ಡ ಗೀರಬೇಕು. ನಮ್ಮ ಕಸುಬಿನ ಹಾಳು ನಿಯಮ. ಪ್ರತಿಗಳೆಲ್ಲ ಮುಂಬಯಿಯಲ್ಲಿ ಮಾರಾಟವಾದ ಮೇಲೆ, ಆ ಚಿತ್ರಗಳಲ್ಲೊಂದರಲ್ಲಿದ್ದ, ತೀರಿಹೋದ ಒಬ್ಬ ಭಾಗವತರ ಹೆಂಡತಿ ಗಂಗೊಳ್ಳಿಯಿಂದ ಕುಂದಾಪುರದ ನನ್ನ ಕೋಣೆಗೆ ಬಂದರು. ಕ್ಯಾಸೆಟ್ಟಿನ ಆ ಕವರು ಬಿಟ್ಟರೆ ಗಂಡನ ಬೇರೆ ಫೋಟೋ ಇರಲಿಲ್ಲ. ಅವರ ಮನೆಯಲ್ಲಿದ್ದ ಕವರನ್ನೂ ನನ್ನ ಬಳಿಯಿದ್ದದ್ದನ್ನೂ ಬೂಷ್ಟು ತಿಂದಿತ್ತು.

“ಇನ್ನೊಂದ್ ತೆಗ್ದ್ ಕೊಡ್ ಮಗಾ, ಗ್ವಾಡಿ ಮೇಲ್ ಹಾಕುಕೆ.”

ಗೀರಿದ ಹಲಗೆಗೇ ಮಸಿ ಹಚ್ಚಿ ಒತ್ತಿದೆ. ಎರಡೂ ಕಣ್ಣಿನ ಮೇಲೆ ಬಿಳಿ ಗೀರು ಬಂತು. ಅವರು ತುಂಬ ಹೊತ್ತು ನೋಡಿ ಕಾಗದವನ್ನು ನನಗೇ ವಾಪಸು ಕೊಟ್ಟರು.

“ಚಟ್ಟದ್ ಮೇಲೂ ಇವ್ರ್ ಮುಖ ಹೀಂಗ್ ಇರ್ಲಿಲ್ಲ.”