ನಾನು ಬರೆದ ಜ್ವರ

ನಿನಗೆ ಜ್ವರ ಇರಲಿಲ್ಲ, ಶಶಿಕಲಾ. ಆ ಜ್ವರವನ್ನು ಬರೆದವನು ನಾನು. ಅಕ್ಷರ ನನ್ನದು, ಪೆನ್ನು ನನ್ನದು, "ತೀವ್ರ ಟೈಫಾಯ್ಡ್ ಜ್ವರದಿಂದ ಬಳಲುತ್ತಿರುವುದರಿಂದ" ಎಂಬ ಆ ಹೊಲಸು ವಾಕ್ಯ ನನ್ನದು. ನಿನ್ನದು ಸಹಿ ಮಾತ್ರ — ಅದೂ ಎಡಗೈಯದು. ಒಂಬತ್ತು ವರ್ಷದಿಂದ ಆ ಕಾಗದ ನಿನ್ನದೆಂದೇ ಎಲ್ಲರೂ ನಂಬಿದ್ದಾರೆ. ಪೊಲೀಸರ ಮುಂದೆ ಕೂತು ಅದು ನಿನ್ನದೆಂದು ಹೇಳಿದವನೂ ನಾನೇ.

ಶಶಿಕಲಾ ನಿನ್ನ ಹೆಸರಲ್ಲ. ನಿನ್ನನ್ನು ಕೇಳದೆ ನಿನ್ನ ಹೆಸರನ್ನು ಇನ್ನೊಂದು ಕಾಗದಕ್ಕೆ ಹಾಕುವುದಿಲ್ಲ. ನಿನ್ನನ್ನು ಏಕವಚನದಲ್ಲಿ ಕರೆಯುವ ಹಕ್ಕೂ ನನಗೆ ಉಳಿದಿಲ್ಲ — ಆದರೆ "ನೀವು" ಎಂದು ಬರೆದು ನೋಡಿದೆ, ಅದು ತಪ್ಪಿಸಿಕೊಳ್ಳುವವನ ವಿನಯದಂತೆ ಕಂಡಿತು. ಹೊಡೆದು ಹಾಕಿದೆ.

ನಾನಾಗ ಹುಣಸೂರಿನ ಒಂದು ಕಾಲೇಜಿನಲ್ಲಿ ಎಂ.ಎ. ಸಮಾಜಶಾಸ್ತ್ರಕ್ಕೆ ಅತಿಥಿ ಉಪನ್ಯಾಸಕ. ನೀನು ರಾವಂದೂರಿನ ಕಡೆಯ ಹಳ್ಳಿಯಿಂದ ಎರಡು ಬಸ್ಸು ಹತ್ತಿ ಬರುತ್ತಿದ್ದ ಎರಡನೇ ವರ್ಷದ ವಿದ್ಯಾರ್ಥಿನಿ. ಅಪ್ಪ ತೀರಿಹೋಗಿದ್ದರು, ಮನೆ, ಹೊಲ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ — ಎಲ್ಲವೂ ನಿನ್ನಣ್ಣನ ಕೈಯಲ್ಲಿ. ಅವನನ್ನು ಮಹೇಶ ಎನ್ನೋಣ. ಕ್ಷೇತ್ರಕಾರ್ಯದ ವರದಿಗೆ ನಿನಗೆ ವಿಷಯ ಕೊಟ್ಟವನು ನಾನು: ಬ್ಯಾರನ್ ಕೆಲಸದಲ್ಲಿ ಹೆಂಗಸರ ದುಡಿಮೆ. "ಮನೇಲಿ ಕೂತು ಬರೀಬೇಡ, ಒಲೆ ಪಕ್ಕದಲ್ಲೇ ಕೂತು ಬರಿ" ಎಂದವನೂ ನಾನೇ. ಬಹಳ ಜಾಣತನದ ಮಾತೆಂದುಕೊಂಡಿದ್ದೆ.

ನೀನು ಹಾಗೆಯೇ ಮಾಡಿದೆ. ಸೊಪ್ಪು ಬೇಯುವಾಗ ಒಲೆಗೆ ಸೌದೆ ಹಾಕುತ್ತ, ಒಳಗಿನ ಕಾವು ನೋಡುತ್ತ ಕೂರುವುದು ಹಗಲಲ್ಲಿ ನಿನ್ನ ಪಾಳಿ. ಒಂದು ಮಧ್ಯಾಹ್ನ ನಿಮ್ಮಮ್ಮ ಎಷ್ಟು ಹೊತ್ತಿಗೆ ಎದ್ದು ಎಷ್ಟು ಹೊತ್ತಿಗೆ ಬೆನ್ನು ನೆಲಕ್ಕೆ ಹಾಕುತ್ತಾಳೆಂದು ಬರೆಯುತ್ತಿದ್ದೆಯಂತೆ — ಕಾವು ಏರಿತು. ಬಂಗಾರದ ಬಣ್ಣಕ್ಕೆ ಬರಬೇಕಾದ ಒಂದು ಬ್ಯಾರನ್ ಸೊಪ್ಪು ಕರ್ರಗಾಯಿತು. ಮಹೇಶ ಬಂದ, ಬಾಗಿಲು ತೆಗೆದು ನೋಡಿದ, ನಿನ್ನ ಜಡೆ ಹಿಡಿದೆಳೆದು ಬಲ ಅಂಗೈಯನ್ನು ಒಲೆಬಾಯಿಯ ಕಬ್ಬಿಣದ ಬಾಗಿಲಿಗೆ ಒತ್ತಿದ.

"ಬರಿ. ಇನ್ಮೇಲೆ ಬರಿ ನೋಡಾನ. ಬರಿಯೇ!"

ಎಷ್ಟು ಹೊತ್ತು ಒತ್ತಿದ ಎಂದು ನಾನು ಆಮೇಲೆ ಕೇಳಿದೆ — ಅಳತೆ ಕೇಳುವುದು ನನ್ನ ಕಸುಬು. "ಚರ್ಮ ಅಂಟ್ಕಳೋ ಗಂಟ ಸರ್" ಎಂದೆ ನೀನು.

ನಾನು ಅಲ್ಲಿರಲಿಲ್ಲ. ಆದರೂ ನನಗೆ ಆ ಬಾಗಿಲು ಕಾಣುತ್ತದೆ, ಸದ್ದು ಕೇಳುತ್ತದೆ, ವಾಸನೆ ಬರುತ್ತದೆ. ನೆನಪಿನ ಮೋಸ ನೋಡು. ನಾನಿಲ್ಲದ ಜಾಗವನ್ನು ಇಷ್ಟು ಸ್ಪಷ್ಟವಾಗಿ ಕಟ್ಟಿಕೊಂಡವನು, ನಾನೇ ಕೂತಿದ್ದ ಕೋಣೆಯನ್ನು ಮಸುಕು ಮಾಡಿಕೊಂಡಿದ್ದೇನೆ. ನೀನು ಕಾಲೇಜಿಗೆ ಬಂದಾಗ ಕೈಗೆ ಸುತ್ತಿದ್ದ ಸೀರೆಯ ತುಂಡು ಬಿಳಿಯದೋ ನೀಲಿಯದೋ — ಗೊತ್ತಿಲ್ಲ. ನಿನ್ನನ್ನು ಕೂರು ಎಂದೆನೋ ಇಲ್ಲವೋ — ಎಂದಿರಲಾರೆ. ಕೈ ಸುಟ್ಟು ಮೂರು ದಿನವಾಗಿತ್ತು, ನಾಲ್ಕೋ. ಆಸ್ಪತ್ರೆಗೆ ಅವನು ಬಿಟ್ಟಿರಲಿಲ್ಲ. ನೀನು ಬಂದದ್ದು ವರದಿ ಒಪ್ಪಿಸಲು ಸಮಯ ಕೇಳುವುದಕ್ಕೆ. ಅಷ್ಟೇ ಕೇಳಿದೆ. ಕೈ ಬೇಯುತ್ತಿರುವಾಗ, ಸಮಯ.

ನೀನು ಕೊಟ್ಟ ಅರ್ಜಿಯನ್ನು ನೋಡಿ ನಾನು ನಕ್ಕೆ. ಇದು ನೆನಪಿದೆ. "ಏನಮ್ಮ ಇದು, ಕಾಗೆ ಕಾಲು ಗುಬ್ಬಿ ಕಾಲು?"

"ಎಡಗೈ ಸರ್."

ಮೂರು ವಾಕ್ಯ. "ನಮ್ಮಣ್ಣ ನನ್ನ ಕೈಯನ್ನು ಬ್ಯಾರನ್ ಒಲೆಯ ಬಾಗಿಲಿಗೆ ಒತ್ತಿ ಹಿಡಿದನು. ಬರೆಯಲು ಆಗುತ್ತಿಲ್ಲ. ದಯವಿಟ್ಟು ಹದಿನೈದು ದಿನ ಕಾಲಾವಕಾಶ ಕೊಡಿ." ಕೆಳಗೆ ದಿನಾಂಕ, ಹೆಸರು.

ಓದಿ ಮಡಚಿ ಜೇಬಿಗಿಟ್ಟೆ. ನಿನ್ನ ಕೈಯನ್ನು ಬಿಚ್ಚಿ ನೋಡಲಿಲ್ಲ.

"ಇದನ್ನ ಫೈಲಿಗೆ ಹಾಕಕ್ಕಾಗಲ್ಲ. ಜ್ವರ ಅಂತ ಹಾಕೋಣ."

"ನಂಗೆ ಜ್ವರ ಇಲ್ವಲ್ಲ ಸರ್."

"ಇಲ್ಲಿ ಎಲ್ರಿಗೂ ಜ್ವರವೇ ಕಣಮ್ಮ."

ಪಕ್ಕದಲ್ಲಿ ಫೈಲು ಕಟ್ಟುತ್ತಿದ್ದ ಗುಮಾಸ್ತ ತಲೆ ಎತ್ತದೆ ಸೇರಿಸಿದ: "ಈ ಕಾಲೇಜಲ್ಲಿ ಸೊಳ್ಳೆಗಿಂತ ಟೈಫಾಯ್ಡೇ ಜಾಸ್ತಿ ಕಣವ್ವ. ಬರ್ಸ್ಕಂಡು ಓಗು, ಪಾಸಾಯ್ತದೆ." ಅದು ಸುಳ್ಳಲ್ಲ. ನಮ್ಮಲ್ಲಿ ನಡೆದುಕೊಂಡು ಬಂದದ್ದೇ ಹಾಗೆ. ಹಾಜರಿ ಕಡಿಮೆಯಾದವನಿಗೆ, ನೆಂಟರ ಮದುವೆಗೆ ಹೋದವನಿಗೆ, ಕಾಕನಕೋಟೆಗೆ ಆನೆ ನೋಡಲು ಹೋದವನಿಗೆ — ಎಲ್ಲರಿಗೂ ಟೈಫಾಯ್ಡ್. ಮಾದರಿ ಅರ್ಜಿಯೊಂದು ಮೇಜಿನ ಗಾಜಿನಡಿಯಲ್ಲೇ ಇತ್ತು. ಸರ್ಟಿಫಿಕೇಟು ಬರೆದುಕೊಡುವ ಕ್ಲಿನಿಕ್ಕೂ ಗೊತ್ತಿತ್ತು. ನೂರು ಸುಳ್ಳು ಜ್ವರಗಳ ಫೈಲಿನಲ್ಲಿ ಒಂದು ನಿಜವಾದ ಸುಟ್ಟ ಕೈಗೆ ಜಾಗ ಇರಲಿಲ್ಲ. ಸುಟ್ಟ ಗಾಯ ಎಂದರೆ ಪೊಲೀಸು, ಪೊಲೀಸು ಎಂದರೆ ಕಾಲೇಜಿನ ಹೆಸರು, ಕಾಲೇಜಿನ ಹೆಸರು ಎಂದರೆ ಪ್ರತಿ ವರ್ಷ ಹೊಸದಾಗಿ ಆದೇಶ ಬರಬೇಕಾದ ನನ್ನ ಕೆಲಸ — ಈ ವಾಕ್ಯವನ್ನು ತೆಗೆದುಬಿಡಬೇಕೆಂದಿದ್ದೆ. ಹಾಗೇ ಉಳಿಸಿದ್ದೇನೆ. ನಾನು ಹೇಗೆ ಜಾರುತ್ತೇನೆಂದು ನೀನು ನೋಡಬೇಕು.

ನಿನಗೆ ಬರೆಯಲು ಆಗದ್ದರಿಂದ ನಾನೇ ಬರೆದೆ. ದುಂಡಗೆ, ವಿದ್ಯಾರ್ಥಿ ಬರೆದ ಹಾಗೆ ಕಾಣಲಿ ಎಂದು. ನೀನು ಎಡಗೈಯಲ್ಲಿ ಸಹಿ ಹಾಕಿದೆ. "ಥ್ಯಾಂಕ್ಸ್ ಸರ್" ಎಂದೆ.

ಎಷ್ಟೋ ವರ್ಷ ನಾನು ಒಂದನ್ನು ನಂಬಿಕೊಂಡಿದ್ದೆ: ಜ್ವರ ಎಂದು ಬರೆಸಿ ಎಂದು ನನಗೆ ಹೇಳಿದ್ದು ವಿಭಾಗದ ಮುಖ್ಯಸ್ಥರು. ಅವರ ದನಿ ಕೂಡ ನೆನಪಿತ್ತು, ಕನ್ನಡಕ ಹಣೆಗೇರಿಸಿಕೊಂಡು ಹೇಳಿದ ರೀತಿಯೂ. ಕಳೆದ ತಿಂಗಳು ಹಳೆಯ ಪಾಠದ ಡೈರಿ ತೆಗೆದು ನೋಡಿದೆ. ಆ ವಾರ ಪೂರ್ತಿ ಅವರು ಮೈಸೂರಿನಲ್ಲಿ ಮೌಲ್ಯಮಾಪನಕ್ಕೆ ಹೋಗಿದ್ದಾರೆ. ಅವರ ತರಗತಿಗಳನ್ನೂ ನಾನೇ ತೆಗೆದುಕೊಂಡಿದ್ದೇನೆ, ನನ್ನದೇ ಸಹಿ ಇದೆ. ಯಾರೂ ಏನೂ ಹೇಳಿರಲಿಲ್ಲ. ನನಗೆ ಬೇಕಾದ ಅಪ್ಪಣೆಯನ್ನು ನಾನೇ ಹುಟ್ಟಿಸಿಕೊಂಡು, ಅದಕ್ಕೊಂದು ಮುಖ ಅಂಟಿಸಿದ್ದೆ. ಡೈರಿಯನ್ನು ಗೋಡೆಗೆ ಬೀಸಿ ಎಸೆದೆ. ಗೋಡೆಗೇನು ತಿಳಿಯಬೇಕು.

ಇದಕ್ಕಿಂತ ಕೆಟ್ಟದ್ದು ಇದೆ. ಇದು ನಿನಗೆ ಗೊತ್ತಿಲ್ಲ.

ವಾರವಾದ ಮೇಲೆ ನೀನು ಕಾಲೇಜಿಗೆಂದು ಹೊರಟವಳು ಕೆ.ಆರ್. ನಗರದ ಚಿಕ್ಕಮ್ಮನ ಮನೆಗೆ ಹೋದೆ. ಅವರು ನಿನ್ನನ್ನು ಆಸ್ಪತ್ರೆಗೆ ಸೇರಿಸಿ, ಪೊಲೀಸರಿಗೆ ದೂರು ಕೊಟ್ಟರು. ಮಾರನೆಯ ದಿನ ಮಹೇಶ ನನ್ನನ್ನು ಹುಡುಕಿಕೊಂಡು ಬಂದ. ಕೋಣೆಯಲ್ಲಿ ನಾನೊಬ್ಬನೇ. ಬಾಗಿಲು ಹಾಕಿದ. ಮೇಜಿನ ಮೇಲಿನ ಗಾಜಿಗೆ ಗುದ್ದಿದ, ಅದು ಬಿರಿಯಿತು. ಆಮೇಲೆ ನನ್ನ ಕಾಲರು ಹಿಡಿದು ಎತ್ತಿದ. ಉಸಿರಿನಲ್ಲಿ ಹೊಗೆಸೊಪ್ಪಿನ ಘಾಟು.

"ನನ್ ತಂಗಿ ಇಲ್ಲೇನೋ ಬರ್ದು ಕೊಟ್ಟವಳಂತಲ್ಲ. ನನ್ ಮೇಲೆ ಏನ್ ಬರ್ದವಳೆ? ತೋರ್ಸಯ್ಯ ಮೇಷ್ಟ್ರೇ. ತೋರ್ಸ್ದೇ ಇದ್ರೆ ನಿನ್ ಕೈನೂ ಒಲೆಗಿಕ್ತೀನಿ."

ಅಂದರೆ ಅವನೇ ಒಪ್ಪಿಕೊಂಡ. "ನಿನ್ ಕೈನೂ" ಎಂದ. ಆ ಒಂದು ಮಾತು ಸಾಕಿತ್ತು. ಒಂಬತ್ತು ವರ್ಷದಿಂದ ನನ್ನ ಕಿವಿಯಲ್ಲಿ ಅದು ಹಾಗೇ ಕೂತಿದೆ.

ನಿನ್ನ ಎಡಗೈಯ ಅರ್ಜಿ ಅಂದೂ ನನ್ನ ಅಂಗಿಯ ಜೇಬಿನಲ್ಲಿತ್ತು — ಅವನ ಮುಷ್ಟಿಗೆ ಒಂದು ಗೇಣು ದೂರ. ನಾನು ಫೈಲು ತೆರೆದು ಜ್ವರದ ಅರ್ಜಿ ತೋರಿಸಿದೆ. ಅವನು ಓದಿದ. ಮುಷ್ಟಿ ಸಡಿಲವಾಯಿತು. ನಕ್ಕ. ನಾನೂ — ದೇವರಾಣೆ, ಬದುಕಿದೆ ಎಂಬ ನೆಮ್ಮದಿಗೆ — ನಾನೂ ನಕ್ಕೆ.

"ಜ್ವರ ಅಲ್ವಾ ಸಾರ್? ಅದೇ ಮತ್ತೆ. ಜ್ವರದಾಗೆ ತಲೆ ಸುತ್ತಿ ಒಲೆ ಮ್ಯಾಕೆ ಬಿದ್ಳು. ನಾನು ಅದ್ನೇ ಬಡ್ಕೋತಾ ಇವ್ನಿ, ಯಾರೂ ನಂಬಾಕಿಲ್ಲ. ಇದೊಂದು ಜೆರಾಕ್ಸ್ ಮಾಡ್ಸಿ ಕೊಡಿ."

ಒಳಗೆ ಬಂದಾಗ ಅವನ ಹತ್ತಿರ ಯಾವ ಕಥೆಯೂ ಇರಲಿಲ್ಲ. ಹೊರಗೆ ಹೋಗುವಾಗ ಇತ್ತು. ಕೊಟ್ಟವನು ನಾನು. ಜೆರಾಕ್ಸ್ ಮಾಡಿಸಿ ಕೊಟ್ಟವನು ನಾನು. ಆ ಕ್ಲಿನಿಕ್ಕಿನಿಂದ ತರಿಸಿ ಅರ್ಜಿಯ ಜೊತೆ ಇಟ್ಟಿದ್ದ ಸರ್ಟಿಫಿಕೇಟಿನ ಪ್ರತಿಯನ್ನು ಅವನು ಕೇಳಿರಲಿಲ್ಲ. ಅದನ್ನು ನಾನೇ ಸೇರಿಸಿದೆ.

ಠಾಣೆಯ ಮಧ್ಯಾಹ್ನ ನಿನಗೂ ಗೊತ್ತು. ನೀನು, ನಿನ್ನ ಚಿಕ್ಕಮ್ಮ ಒಂದು ಬೆಂಚಿನಲ್ಲಿ. ಮಹೇಶ ಗೋಡೆಗೆ ಒರಗಿ. ಸಬ್ ಇನ್ಸ್‌ಪೆಕ್ಟರು ಜ್ವರದ ಅರ್ಜಿಯ ಜೆರಾಕ್ಸನ್ನು ನನ್ನ ಕಡೆ ತಿರುಗಿಸಿ ಹಿಡಿದು ಕೇಳಿದರು: "ಮೇಷ್ಟ್ರೇ, ಇದು ಈ ಹುಡುಗಿ ಕೊಟ್ಟ ಅರ್ಜೀನಾ?"

"ಹೌದು ಸರ್."

"ಇವಳೇ ಬರ್ದಿದ್ದಾ?"

ಈ ಎರಡನೆಯ ಪ್ರಶ್ನೆಯನ್ನು ಅವರು ನಿಜವಾಗಿ ಕೇಳಿದರೇ? ಕೆಲವು ದಿನ ಕೇಳಿದ್ದಾರೆ, ಕೆಲವು ದಿನ ಕೇಳಿಲ್ಲ. ಕೇಳಿದ್ದರೆ "ಇವಳ ಸಹಿ ಇದೆ ಸರ್" ಎಂದಿದ್ದೇನೆ. ಕೇಳದಿದ್ದರೆ ಸುಮ್ಮನಿದ್ದೇನೆ. ಎರಡರಲ್ಲಿ ಯಾವುದು ಕಡಿಮೆ ಕೊಲೆ ಎಂದು ಲೆಕ್ಕ ಹಾಕುವುದನ್ನು ಬಿಟ್ಟಿದ್ದೇನೆ. ನೀನು ಮಾತ್ರ ಖಂಡಿತ ಹೇಳಿದೆ. ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲಿಂದ ಸ್ವಲ್ಪ ಎತ್ತಿ —

"ಹೇಳಿ ಸರ್."

ನಾನು ಗೋಡೆಯ ಮೇಲಿನ ಗಡಿಯಾರ ನೋಡಿದೆ.

ಜ್ವರದಲ್ಲಿ ಒಲೆಯ ಮೇಲೆ ಬಿದ್ದದ್ದೆಂದು ಬರೆದು ದೂರು ಮುಚ್ಚಿದರು. ಹೊರಗೆ ಬಂದಾಗ ನಿನ್ನ ಚಿಕ್ಕಮ್ಮ ನನ್ನ ಕಾಲಿನ ಬಳಿ ಉಗಿದರು. "ಮೇಷ್ಟ್ರು ಅಂತ ಕೈ ಮುಗ್ದಿದ್ದೆ ಕಣಪ್ಪ. ಅವ್ನು ಕೈ ಸುಟ್ಟ, ನೀನು ಬಾಯಿ ಸುಟ್ಟೆ." ನಿನ್ನನ್ನು ಮಹೇಶ ಬೈಕಿನ ಹಿಂದೆ ಕೂರಿಸಿಕೊಂಡು ಹೋದ. ಅಂದು ಸಂಜೆ ನಿನ್ನ ಟಿಪ್ಪಣಿ ಪುಸ್ತಕಗಳನ್ನೆಲ್ಲ ಅದೇ ಒಲೆಗೆ ಹಾಕಿದನೆಂದೂ, ಸೌದೆಯಿಂದ ನಿನ್ನ ಎಡಗಿವಿಯ ಮೇಲೆ ಹೊಡೆದನೆಂದೂ ನಿನ್ನ ಚಿಕ್ಕಮ್ಮ ಫೋನು ಮಾಡಿ ಹೇಳಿದರು. ಹೇಳಿ, ನನ್ನ ಉತ್ತರ ಕೇಳದೆ ಇಟ್ಟರು.

ಮೂರು ದಿನಕ್ಕೆ ಆದೇಶ ಬಂತು. ನಿನ್ನ ಹೆಸರು, ನೋಂದಣಿ ಸಂಖ್ಯೆ, "ಅನಾರೋಗ್ಯದ ಕಾರಣ ಹದಿನೈದು ದಿನಗಳ ಕಾಲಾವಕಾಶ ಮಂಜೂರು ಮಾಡಲಾಗಿದೆ". ನಾನೇ ಅದನ್ನು ಸೂಚನಾಫಲಕಕ್ಕೆ ಅಂಟಿಸಿದೆ. ಹದಿನೈದು ದಿನ ಕಳೆಯಿತು. ನೀನು ಬರಲಿಲ್ಲ. ಹದಿನಾರನೆಯ ದಿನ ವರದಿ ಒಪ್ಪಿಸದವರ ಪಟ್ಟಿಯಲ್ಲಿ ನಿನ್ನ ಹೆಸರು ಬರೆದೆ. ಆ ಅಕ್ಷರವೂ ನನ್ನದೇ.

ಕಳೆದ ತಿಂಗಳು ಮೈಸೂರಿಗೆ ಹೋಗುವಾಗ ಬಿಳಿಕೆರೆಯಲ್ಲಿ ಇಳಿದೆ. ಅನುಭವ ಪತ್ರದ ಜೆರಾಕ್ಸ್ ಬೇಕಿತ್ತು. ಇಷ್ಟು ವರ್ಷವಾದರೂ ಅತಿಥಿಯೇ ನಾನು. ಬಸ್ ನಿಲ್ಲುವ ಜಾಗದ ಎದುರಿನ ಅಂಗಡಿಯಲ್ಲಿ ನೀನು ಕೂತಿದ್ದೆ. ಜೆರಾಕ್ಸ್ ಮಾಡುತ್ತೀಯ, ಜನರಿಗೆ ಅರ್ಜಿ ಬರೆದುಕೊಡುತ್ತೀಯ. ಎಡಗೈಯಲ್ಲಿ. ಎಂಥ ಅಕ್ಷರ ಶಶಿಕಲಾ — ಮುತ್ತು ಪೋಣಿಸಿದ ಹಾಗೆ. ಬಲಗೈಯ ಬೆರಳುಗಳು ಒಳಕ್ಕೆ ಮಡಚಿಕೊಂಡು ಕಾಗದದ ಮೇಲೆ ಕಲ್ಲಿನಂತೆ ಭಾರ ಹಾಕಿ ಕೂತಿದ್ದವು. ಒಬ್ಬ ಅಜ್ಜಿ ಪಿಂಚಣಿಗೋ ಯಾವುದಕ್ಕೋ ಬರೆಸುತ್ತಿತ್ತು. "ಅದೇನೇನ್ ಬರೀಬೇಕೋ ಚೆಂದಾಗಿ ನೀನೇ ಬರ್ಕಳವ್ವ" ಎಂದಿತು. ನೀನು ಬಲಗಿವಿಯನ್ನು ಅದರ ಕಡೆಗೆ ತಿರುಗಿಸಿ ಹೇಳಿದೆ: "ಚೆಂದಾಗೆಲ್ಲ ಬ್ಯಾಡ ಕಣಜ್ಜಿ. ಆಗಿದ್ದೇನು, ಅದ ಯೋಳು. ಅದ್ನೇ ಬರೀತೀನಿ."

ಆಮೇಲೆ ನನ್ನನ್ನು ನೋಡಿದೆ. ಗುರುತು ಹಿಡಿದೆ. ಬೈಯಲಿಲ್ಲ. ಎದ್ದು ನಿಂತೆ — ಮೇಷ್ಟ್ರಿಗೆ ಎದ್ದು ನಿಲ್ಲುವ ಹಾಗೆ. ನನ್ನ ಕಾಗದ ತೆಗೆದುಕೊಂಡು ಯಂತ್ರದ ಮೇಲಿಟ್ಟು, ಬೆಳಕು ಓಡುವುದನ್ನು ನೋಡುತ್ತ, ಹವಾಮಾನ ಹೇಳುವವಳ ಹಾಗೆ ಹೇಳಿದೆ:

"ಜ್ವರ ಬುಟ್ಟೋಯ್ತು ಸರ್."

ನಾನು ಬಸ್ಸಿಗೆ ಓಡಿದೆ. ಪ್ರತಿ ನಿನ್ನ ಬಳಿಯೇ ಉಳಿಯಿತು, ಮೂಲವೂ.

ಆ ಮೂರು ವಾಕ್ಯದ ಕಾಗದ ನನ್ನ ಹತ್ತಿರ ಇದೆ. ಯಾಕೆ ಸುಡಲಿಲ್ಲ, ಯಾಕೆ ಕೊಡಲಿಲ್ಲ — ಎರಡಕ್ಕೂ ಧೈರ್ಯ ಸಾಲಲಿಲ್ಲ, ಅಷ್ಟೇ. ಅದನ್ನು ಆತ್ಮಸಾಕ್ಷಿ ಎಂದು ಕರೆಯಬೇಡ. ಮೊನ್ನೆ ಅದನ್ನು ಮುಂದಿಟ್ಟುಕೊಂಡು ಎಡಗೈಯಲ್ಲಿ ನಕಲು ಮಾಡಲು ಕೂತೆ. ಮೊದಲ ವಾಕ್ಯ ಮುಗಿಯುವಷ್ಟರಲ್ಲಿ ಮಣಿಕಟ್ಟು ಸೆಟೆದು, ಬೆವರು ಕಾಗದಕ್ಕೆ ಬಿತ್ತು. ನನ್ನ ಬಲಗೈ ಆರೋಗ್ಯವಾಗಿ ಪಕ್ಕದಲ್ಲೇ ಕೂತಿತ್ತು. ನಿನ್ನದು ಆಗ ಕೀವು ಕಟ್ಟುತ್ತಿತ್ತು. ನೀನು ಮೂರು ವಾಕ್ಯವನ್ನೂ ಬರೆದು ಮುಗಿಸಿದ್ದೆ, ನಾನು ಅದಕ್ಕೆ ಕಾಗೆ ಕಾಲು ಎಂದಿದ್ದೆ.

ಒಂಬತ್ತು ವರ್ಷ ನಾನು ಅರ್ಜಿಯನ್ನೇ ಹಾಕದೆ ಕಾಲಾವಕಾಶ ತೆಗೆದುಕೊಂಡಿದ್ದೇನೆ. ಇನ್ನು ಬೇಡ. ಬರುವ ಸೋಮವಾರ ಬೆಳಗ್ಗೆ ಬಿಳಿಕೆರೆಗೆ ಬರುತ್ತೇನೆ. ನಿನ್ನ ಎಡಗೈಯ ಅರ್ಜಿ, ಮೇಜಿಗೆ ಗುದ್ದಿದವನು ಆಡಿದ ಮಾತು, ಜ್ವರದ ಕಾಗದ ಬರೆದದ್ದು ನಾನೆಂಬ ಹೇಳಿಕೆ — ಎಲ್ಲ ತರುತ್ತೇನೆ. ಹೇಳಿಕೆಯನ್ನು ಟೈಪು ಮಾಡಿಸಿಲ್ಲ. ಅದೇ ದುಂಡಗಿನ ಅಕ್ಷರದಲ್ಲಿ ಬರೆದಿದ್ದೇನೆ, ಯಾರು ಬೇಕಾದರೂ ಪಕ್ಕದಲ್ಲಿಟ್ಟು ಹೋಲಿಸಬಹುದು. ಅದನ್ನು ಪೊಲೀಸರಿಗೆ ಕೊಡು, ನನ್ನ ಕಾಲೇಜಿಗೆ ಕೊಡು, ನನ್ನ ಮುಖಕ್ಕೆ ಎಸೆ. ಕೇಳುವುದು ನಿನ್ನ ಇಷ್ಟ. ಹೇಳುವುದು ಮಾತ್ರ ನನ್ನ ಪಾಲಿನ ಕೆಲಸ, ಒಂಬತ್ತು ವರ್ಷ ತಡವಾಗಿ.

ಅಂಗಡಿಯ ಮುಂದೆ ಸಾಲು ಇರುತ್ತದೆ. ಸಾಲಿನಲ್ಲೇ ನಿಲ್ಲುತ್ತೇನೆ. ನನ್ನ ಸರದಿ ಬಂದಾಗ ನೀನು ಎದ್ದು ನಿಲ್ಲಬೇಡ.