ಅಣ್ಣ ಕಳಿಸದ ಅರ್ಜಿ

ಆಗ ನನಗೆ ಹದಿನಾಲ್ಕು. ಎಪ್ಪತ್ತು ವರ್ಷದ ಹಿಂದಿನ ಮಾತು, ನಮ್ಮ ಎಸ್ಟೇಟು ಇನ್ನೂ ಬಿಳಿ ದೊರೆಯದು. ಅಣ್ಣ ಓದಿದ ಚಿಕ್ಕಮಗಳೂರಿನ ಹೈಸ್ಕೂಲಿನ ಮೇಷ್ಟ್ರು ಗೋಣಿಬೀಡಿನಲ್ಲಿ ಬಸ್ಸಿಳಿದು, ಕೆಸರು ತುಳಿದುಕೊಂಡು ಕೂಲಿ ಲೈನಿನ ನಮ್ಮ ಮನೆಗೆ ಬಂದರು. ಕೂರಿ ಎಂದರೂ ಕೂರಲಿಲ್ಲ.

"ಅಲ್ಲ ಮಾರಾಯ, ನಿನಗಿಂತ ಕಮ್ಮಿ ನಂಬರ್ ಬಂದೋನಿಗೆ ಮೈಸೂರು ಕಾಲೇಜಲ್ಲಿ ಸೀಟು ಸಿಕ್ಕಿದೆ. ನಿನ್ನ ಅರ್ಜಿನೇ ಹೋಗಿಲ್ವಂತಲ್ಲ?" ಎಂದು ಅಣ್ಣನನ್ನು ಕೇಳಿದರು.

ಅವ್ವನೇ ಹೇಳಿದಳು: "ಸೀಟು ಸಿಗ್ತದಾ ಅಂತ ಅಮ್ಮನ ಗುಡೀಲಿ ಹೂ ಕೇಳಿದ್ವಿ ಮೇಷ್ಟ್ರೇ. ಎಡಕ್ಕೆ ಬಿತ್ತು. ತಾಯಿ ಇಲ್ಲ ಅಂದ್ಮೇಲೆ ಕಳಿಸೋದ್ಯಾಕೆ ಅಂತ ಬಿಟ್ವಿ."

ದೇವಿಯ ಮೈಮೇಲಿಟ್ಟ ಹೂವು ಬಲಕ್ಕೆ ಬಿದ್ದರೆ ಆಗುತ್ತದೆ, ಎಡಕ್ಕೆ ಬಿದ್ದರೆ ಇಲ್ಲ. ಮದುವೆಗೆ, ಕಾಯಿಲೆಗೆ ನಾವು ಹಾಗೇ ಕೇಳುತ್ತಿದ್ದುದು. ಕಾಲೇಜಿಗೂ ಕೇಳಿದೆವು.

"ಆ ತಾಯಿಗೆ ಇವ್ನ ನಂಬರ್ ಗೊತ್ತಿತ್ತೇನವ್ವ? ಗೊತ್ತಿದ್ದೋನು ನಾನು. ನನ್ನ ಒಂದು ಮಾತು ಕೇಳಬಾರ್ದಿತ್ತಾ?" ಎಂದರು ಮೇಷ್ಟ್ರು.

"ಈಗ ಕಳಿಸಿದ್ರೆ?" ಅಣ್ಣ ಆಗ ಬಾಯಿಬಿಟ್ಟ.

"ಸೀಟೆಲ್ಲ ತುಂಬಿ ವಾರ ಆಯ್ತು. ಬರೋ ವರ್ಷನಾದ್ರೂ ಕಳಿಸು."

ಮೇಷ್ಟ್ರ ಕಣ್ಣಲ್ಲಿ ನೀರಿತ್ತು. ನಮ್ಮ ಮನೆಯಲ್ಲಿ ಯಾರೂ ಅಳಲಿಲ್ಲ.

ಮುಂದಿನ ವರ್ಷವೂ ಅಣ್ಣ ಕಳಿಸಲಿಲ್ಲ, ಪುಸ್ತಕವನ್ನೇ ಮುಟ್ಟಲಿಲ್ಲ. ಅವ್ವ ಆಮೇಲೆ ಯಾವುದಕ್ಕೂ ಹೂ ಕೇಳಲಿಲ್ಲ, ನನ್ನ ಮದುವೆಗೂ. ಮೇಷ್ಟ್ರು ಬಂದು ಹೋದ ಮರುದಿನ ಬೆಳಿಗ್ಗೆ ಅಣ್ಣನನ್ನು, ನಾನು ಆಗಲೇ ಕೂಲಿ ಮಾಡುತ್ತಿದ್ದ ತೋಟಕ್ಕೆ ನಾನೇ ಕರೆದುಕೊಂಡು ಹೋದೆ. ಆಳುಗಳ ಹಾಜರಿ ಹಿಡಿಯುವ ಮೇಸ್ತ್ರಿಯ ಹತ್ತಿರ ಹೆಸರು ಬರೆಸಿ, ಕಾಫಿ ಗಿಡದ ಬೇರಿಗೆ ಕತ್ತಿ ತಾಗದ ಹಾಗೆ ಕಳೆ ತೆಗೆಯುವುದು ಹೇಗೆಂದು ಅವನಿಗೆ ಕಲಿಸಿದೆ.