ಕಾಡವ್ವನ ಉಡಿ

ಮಸಗುಪ್ಪಿಯಲ್ಲಿ ಪೂನಮ್‌ಳನ್ನು ಪೂನಮ್ ಎಂದೇ ಕರೆಯುವವರು ಕಡಿಮೆ. ಬುದ್ಧ ಪೌರ್ಣಿಮೆಯ ದಿನ ಹುಟ್ಟಿದಳೆಂದು ಅಪ್ಪ ಸತ್ಯಪ್ಪ ಆಸೆಪಟ್ಟು ಇಟ್ಟ ಹೆಸರು ಅದು. ಓಣಿಯವರ ಬಾಯಿಗೆ ಬರುವಷ್ಟರಲ್ಲಿ ಪುನ್ನವ್ವ ಆಗಿ ಕೂತಿತು. ಈ ಪುನ್ನವ್ವ ಈಗ ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಎಂ.ಟೆಕ್ ಓದುತ್ತಾಳೆ. ಏನು ಓದುತ್ತೀ ಎಂದು ಕೇಳಿದರೆ, ರೊಬೊಟಿಕ್ಸ್ ಮತ್ತು ಕೃತಕ ಬುದ್ಧಿಮತ್ತೆ ಎನ್ನುತ್ತಾಳೆ. ಅವಳ ಅವ್ವ ಕಾಡವ್ವನನ್ನು ಕೇಳಿದರೆ, "ಮಷಿನ್ನಿಗೆ ಸಾಲಿ ಕಲಿಸ್ತಾಳ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾಳೆ. ಪುಸ್ತಕದಲ್ಲಿ ಬರೆದದ್ದಕ್ಕಿಂತ ಅವ್ವ ಹೇಳಿದ್ದೇ ಸರಿಯಾಗಿದೆ ಎಂದು ಪೂನಮ್‌ಗೆ ಎಷ್ಟೋ ಸಲ ಅನ್ನಿಸಿದೆ.

ಕಾಡವ್ವನದು ಕೂಲಿಯ ಬದುಕು. ಇವರಿಗೆ ಸ್ವಂತದ ಹೊಲ ಗೇಣು ಅಗಲದ್ದೂ ಇಲ್ಲ. ಕಬ್ಬು, ಅರಿಸಿನ, ಗೋವಿನಜೋಳ, ಯಾವ ಹೊಲದಲ್ಲಿ ಕಸ, ಅಂದರೆ ಕಳೆ, ಎದ್ದರೂ ಅಲ್ಲಿಗೆ ಹೋಗುವ ಹೆಂಗಸರ ಗುಂಪಿನಲ್ಲಿ ಅವಳೊಬ್ಬಳು. ಕಳೆ ಕೀಳುವ ಕುರುಪಿ ಹಿಡಿದು ಕುಕ್ಕರಗಾಲಲ್ಲಿ ಕೂತಳೆಂದರೆ ಬಾಯಿ ಊರೆಲ್ಲ ಸುತ್ತಿ ಬಂದರೂ ಕೈ ಸಾಲು ಬಿಡುವುದಿಲ್ಲ. ಬಾಜೂ ಸಾಲಿನ ಗೆಳತಿ ಶಿವವ್ವನದೂ ಅದೇ ಕತೆ, ಬಾಯಿ ಮಾತ್ರ ಇನ್ನಷ್ಟು ದೂರ ಹೋಗುತ್ತದೆ.

ಈ ಹೆಂಗಸರದು ಒಂದು ಪದ್ಧತಿ. ಅದನ್ನು ಯಾರು ಮಾಡಿದರೋ ಗೊತ್ತಿಲ್ಲ, ಮುರಿದವರಂತೂ ಇಲ್ಲ. ಕಸ ತೆಗೆಯುವಾಗ ಕೈಗೆ ಸಿಕ್ಕ ತಪ್ಪಲಪಲ್ಯ, ಅಂದರೆ ಹಕ್ಕರಕಿ, ರಾಜಗಿರಿ, ಗೋಣಿಯಂಥ ತಿನ್ನುವ ಸೊಪ್ಪು, ಕಿತ್ತವಳಿಗೇ ಸೇರಬೇಕು. ಹೊಲದ ಒಡೆಯ ಅದನ್ನು ಕೇಳುವಂತಿಲ್ಲ. ಸೆರಗು ಮಡಚಿ ಸೊಂಟಕ್ಕೆ ಸಿಕ್ಕಿಸಿದರೆ ಉಡಿ ಆಯಿತು. ಕಸ ಬದುವಿಗೆ ಬೀಳುತ್ತದೆ, ಪಲ್ಯ ಉಡಿಗೆ ಬೀಳುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಎಂದು ಹೇಳಿದವನು ಕೂಲಿಯವರ ಮನೆ ನೋಡಿರಲಿಕ್ಕಿಲ್ಲ. ಇಲ್ಲಿ ಕೈ ಕೆಸರಾದರೆ ಬಾಯಿಗೆ ತಪ್ಪಲಪಲ್ಯ, ಅದೂ ಮಳೆ ಚೆನ್ನಾಗಿ ಹಿಡಿದ ವರ್ಷ.

ಪೂನಮ್‌ಳ ಬಾಲ್ಯವೆಲ್ಲ ಆ ಉಡಿಯ ದಾರಿ ಕಾಯುವುದರಲ್ಲೇ ಕಳೆಯಿತು. ಸಾಲೆ ಬಿಟ್ಟ ಮೇಲೆ ಪಾಟಿಚೀಲ ಮನೆಯೊಳಗೆ ಒಗೆದು, ಊರ ಹೊರಗಿನ ಬೇವಿನ ಗಿಡದ ಹತ್ತಿರ, ರಸ್ತೆ ತಿರುಗುವಲ್ಲಿ ಹೋಗಿ ನಿಲ್ಲುವಳು. ಹೆಂಗಸರ ಗುಂಪು ದೂರದಲ್ಲಿ ಕಂಡ ಕೂಡಲೇ ಅವಳ ಕಣ್ಣು ಅವ್ವನ ಮುಖಕ್ಕಿಂತ ಮೊದಲು ಅವ್ವನ ಎಡಗೈಗೆ ಹೋಗುತ್ತಿತ್ತು. ಉಡಿ ತುಂಬಿದ ದಿನ ಕಾಡವ್ವ ಅದನ್ನು ಎಡಗೈಯಿಂದ ಅವುಚಿ ಹಿಡಿದು ಸ್ವಲ್ಪ ವಾರೆಯಾಗಿ ನಡೆಯುತ್ತಿದ್ದಳು. ಅದನ್ನು ಕಂಡರೆ ಹುಡುಗಿ ಓಡಿಹೋಗಿ ಉಡಿಯ ಚುಂಗು ಹಿಡಿದುಕೊಳ್ಳುವಳು, ಹಾಗೆ ಹಿಡಿದುಕೊಂಡೇ ಮನೆಗೆ ಬರುವಳು. ಒಳಗೆ ಬಂದು ಕಾಡವ್ವ ನೆಲದ ಮೇಲೆ ಉಡಿ ಬಿಚ್ಚಿದರೆ ಹಸಿ ಮಣ್ಣು, ಎಲೆ, ಅವ್ವನ ಬೆವರು ಎಲ್ಲ ಸೇರಿದ ಒಂದು ವಾಸನೆ ಮನೆ ತುಂಬುತ್ತಿತ್ತು. ಎಲೆಗಳ ನಡುವೆ ಮಗಳಿಗೆಂದು ಅಡಗಿಸಿ ತಂದ ಒಂದು ಮೆಕ್ಕಿಕಾಯಿಯೋ, ನಾಲ್ಕು ಹಸಿ ಶೇಂಗಾವೋ ಇರುತ್ತಿತ್ತು. ಹಕ್ಕರಕಿಯನ್ನು ಬೇಯಿಸುವ ತಂಟೆಯೇ ಇಲ್ಲ. ತೊಳೆದು, ಎಣ್ಣೆ, ಗುರೆಳ್ಳ ಹಿಂಡಿ ಎಂಬ ಚಟ್ನಿಪುಡಿ ಹಚ್ಚಿ, ಬಿಸಿ ರೊಟ್ಟಿಯ ಮೇಲೆ ಇಟ್ಟುಕೊಂಡರೆ ಆಯಿತು. ಬಡತನದ ಊಟ ಎಂದು ಯಾರಾದರೂ ಅದನ್ನು ಕರೆದರೆ ಪೂನಮ್‌ಗೆ ಇವತ್ತಿಗೂ ಸಿಟ್ಟು ಬರುತ್ತದೆ. ಉಂಡವಳಿಗೆ ಗೊತ್ತು ಅದು ಯಾತರ ಊಟ ಎಂದು.

ಹುಡುಗಿ ಓದಿನಲ್ಲಿ ಚುರುಕು. ಮೂಡಲಗಿಯಲ್ಲಿ ಪಿಯುಸಿ ಮುಗಿಸಿ, ಗೋಕಾಕಕ್ಕೆ ದಿನಾ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗಿ ಇಂಜಿನಿಯರಿಂಗ್ ಮಾಡಿದಳು. ಹುಕ್ಕೇರಿಗೆ ಮದುವೆಯಾಗಿ ಹೋದ ಅಕ್ಕ ನಂದಾ, "ನಮ್ಮ ಓಣ್ಯಾಗ ಒಬ್ಬ ಚೊಲೋ ಹುಡುಗ ಅದಾನು" ಎಂದು ಆಗಾಗ ಫೋನಿನಲ್ಲಿ ಎಳೆಯುತ್ತಿದ್ದಳು. ಎಂ.ಟೆಕ್ ಸೀಟು ಸಿಕ್ಕಿ ತಂಗಿ ಹುಬ್ಬಳ್ಳಿಯ ಹಾಸ್ಟೆಲ್ ಸೇರಿದ ಮೇಲೆ ಆ ಹುಡುಗನ ಸುದ್ದಿ ನಿಂತಿತು. ಅವನಿಗೆ ಈಗ ಮದುವೆಯಾಗಿ ಒಂದು ಮಗು.

ಹಾಸ್ಟೆಲ್ಲಿನಲ್ಲಿ ಎಲ್ಲ ಇತ್ತು. ಮಂಚ, ಫ್ಯಾನು, ತಟ್ಟೆ ತುಂಬ ಅನ್ನ. ಆದರೆ ಸಂಜೆಯಾದರೆ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬೇವಿನ ಗಿಡದ ಹತ್ತಿರ ಅವ್ವ ಬರುವ ಹೊತ್ತಾಯಿತು, ತಾನು ಅಲ್ಲಿಲ್ಲ ಎಂದು ಕಿಟಕಿಗೆ ಹೋಗಿ ನಿಲ್ಲುವಳು. ಫೋನು ಮಾಡಿದರೆ ಆರಾಮ ಇದ್ದೀ ಏನು ಎಂದು ಕೇಳುವ ಮೊದಲೇ ಅವಳ ಪ್ರಶ್ನೆ ಒಂದೇ.

"ಯವ್ವಾ, ಇವತ್ತ ಉಡ್ಯಾಗ ಏನ ತಂದಿ?"

"ರಾಜಗಿರಿ ತಂದೇನಿ. ಹಕ್ಕರಕಿ ಭಾಳ ಸಿಗಲಿಲ್ಲ. ನೀ ಉಂಡಿ?"

"ಉಂಡೇನಿ" ಎಂದು ಸುಳ್ಳು ಹೇಳುವಳು. ಒಮ್ಮೆ ಆಸೆ ತಡೆಯಲಾಗದೆ ಹುಬ್ಬಳ್ಳಿಯ ಪೇಟೆಯಲ್ಲಿ ಹಕ್ಕರಕಿಯ ಕಟ್ಟು ಕೊಂಡುತಂದು ರೂಮಿನಲ್ಲೇ ತೊಳೆದು ತಿಂದಳು. ಎಲೆ ಅದೇ, ರುಚಿ ನೀರು. ಮತ್ತೆ ಕೊಳ್ಳಲಿಲ್ಲ.

ಎರಡನೇ ವರ್ಷದ ಪ್ರಾಜೆಕ್ಟಿಗೆ ಅವಳು ಆರಿಸಿಕೊಂಡದ್ದು ಕಸ ತೆಗೆಯುವ ಯಂತ್ರ. ಬೇರೆ ಏನನ್ನು ಆರಿಸಿಯಾಳು? ಅವ್ವ ಸಂಜೆ ಸೊಂಟ ಹಿಡಿದು ಗೋಡೆಗೆ ಒರಗುವುದನ್ನು ನೋಡಿ ಬೆಳೆದವಳು. ನಾಲ್ಕು ಗಾಲಿಯ ಪುಟ್ಟ ಗಾಡಿ, ಮುಂದೆ ಕ್ಯಾಮೆರಾ, ಹೊಟ್ಟೆಯ ಕೆಳಗೆ ತಿರುಗುವ ಬ್ಲೇಡು. ಸಾಲಿನ ನಡುವೆ ಹೋಗುತ್ತ ಪ್ರತಿ ಸಸಿಯನ್ನೂ ನೋಡಿ, ಬೆಳೆಯಾದರೆ ಬಿಡಬೇಕು, ಕಳೆಯಾದರೆ ಬುಡದಲ್ಲೇ ಕತ್ತರಿಸಿ ಮಣ್ಣಿಗೆ ಕಲೆಸಬೇಕು. ಯಾವುದು ಯಾವುದೆಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಸಾವಿರಾರು ಫೋಟೋ ತೋರಿಸಿ ಕಲಿಸಬೇಕು. ಬೆಳೆಯ ಸುತ್ತ ಹಸಿರು ಚೌಕ, ಕಳೆಯ ಸುತ್ತ ಕೆಂಪು ಚೌಕ. ಪೂನಮ್ ರಜೆಯಲ್ಲಿ ಊರಿಗೆ ಹೋಗಿ, ಅವ್ವನ ಗುಂಪಿನ ಹಿಂದೆ ಹಿಂದೆ ಓಡಾಡಿ ಫೋಟೋ ತೆಗೆದುಕೊಂಡು ಬಂದಳು. ಚೌಕಗಳನ್ನೆಲ್ಲ ತಾನೇ ಹಾಕಿದಳು. ಬೇಸರವೆನಿಸಲಿಲ್ಲ. ಆ ಫೋಟೋಗಳಲ್ಲಿ ಅವಳ ಊರಿನ ನೆಲ ಇತ್ತು.

ಕಾಲೇಜಿನ ಹಿತ್ತಲಲ್ಲಿ ಗೋವಿನಜೋಳ ಬಿತ್ತಿ ಮೊದಲ ಸಲ ಗಾಡಿ ಬಿಟ್ಟ ದಿನ, ಅವಳ ಗೈಡ್ ಸೋಮಶೇಖರ ಸರ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಗಾಡಿ ಕರಿಕೆ ಹುಲ್ಲನ್ನು ಕತ್ತರಿಸಿತು. ಜೇಕನ್ನು ಕತ್ತರಿಸಿತು. ಒಂದು ರಾಜಗಿರಿ ಗಿಡದ ಮುಂದೆ ಬಂದು, ಹಿರಿಯರಿಗೆ ದಾರಿ ಬಿಡುವವರ ಹಾಗೆ ಪಕ್ಕಕ್ಕೆ ಸರಿದು ಹೋಯಿತು. ಮುಂದೆ ಹಕ್ಕರಕಿಗೂ ಅದೇ ಮರ್ಯಾದೆ, ಗೋಣಿಗೂ ಅದೇ.

"ಏನವಾ ಪೂನಮ್, ನಿನ್ನ ಗಾಡಿ ಕಸಾ ತಗಿಯಾಕ ಬಂದೈತೋ, ಕಾಯಿಪಲ್ಯಾ ಸಂತಿಗೆ ಬಂದೈತೋ?" ಎಂದರು ಸೋಮಶೇಖರ ಸರ್.

ಪೂನಮ್ ಲ್ಯಾಬಿಗೆ ಹೋಗಿ ಫೋಟೋಗಳನ್ನು ತೆರೆದು ನೋಡಿದಳು. ತಪ್ಪು ಗಾಡಿಯದಾಗಿರಲಿಲ್ಲ. ಹಕ್ಕರಕಿ, ರಾಜಗಿರಿ, ಗೋಣಿ ಕಂಡಲ್ಲೆಲ್ಲ ಅವಳೇ ಹಸಿರು ಚೌಕ ಹಾಕಿದ್ದಳು. ಬೇಕೆಂದು ಮಾಡಿದ್ದಲ್ಲ. ಅವು ಕಳೆ ಎಂಬುದೇ ಅವಳ ತಲೆಗೆ ಬಂದಿರಲಿಲ್ಲ. ಮನೆಯಲ್ಲಿ ಊಟಕ್ಕಿಟ್ಟ ವಸ್ತುವನ್ನು ಕಸ ಎಂದು ಯಾರಾದರೂ ಅಂದಾರೇ?

ಸರ್ ಎದುರು ನಿಂತು, "ಅವು ತಿನ್ನಾಕ ಬರ್ತಾವ್ರಿ ಸರ್" ಎಂದಳು.

ಸೋಮಶೇಖರ ಸರ್ ನಗಲಿಲ್ಲ. "ಬರ್ತಾವು, ಖರೆ. ಆದ್ರ ಹೊಲದಾಂವಗ ಅದು ಕಳೀನ. ಗೊಬ್ಬರ ತಿಂತೈತಿ, ನೀರ ಕುಡಿತೈತಿ. ನಾವು ಹೊಲದಾಂವನ ಕಣ್ಣೀಲೆ ನೋಡಬೇಕವಾ."

ಹೊಲದವನ ಕಣ್ಣು ತನಗೆ ಎಲ್ಲಿಂದ ಬರಬೇಕು ಎಂದು ಪೂನಮ್ ಮನಸ್ಸಿನಲ್ಲೇ ಅಂದುಕೊಂಡಳು. ಅವಳ ಮನೆಯವರು ತಲೆತಲಾಂತರದಿಂದ ಹೊಲವನ್ನು ನೋಡಿದ್ದು ಬಗ್ಗಿಕೊಂಡೇ. ಆದರೂ ಒಂದು ಮಾತು ಕೇಳಿಯೇಬಿಟ್ಟಳು. "ಮೂರನೇದು ಒಂದ ಬಣ್ಣ ಇಡೂಣೇನ್ರಿ ಸರ್? ತಿನ್ನೂ ತಪ್ಪಲಾ ಅಂತ?"

"ಇಟ್ಟರ ಗಾಡಿ ಅದನ್ನ ಏನ ಮಾಡಬೇಕು? ಬಿಟ್ಟರ ಹೊಲದಾಂವ ಬೈತಾನು. ಕಿತ್ತರ, ಹಾಕ್ಕೋಳಾಕ ಅದಕ್ಕ ಉಡಿ ಎಲ್ಲೈತಿ?"

ಮುಂದಿನ ತಿಂಗಳು ಹೊರಗಿನ ಪರೀಕ್ಷಕರು ಬಂದು ನಿಜವಾದ ಹೊಲದಲ್ಲಿ ಗಾಡಿಯನ್ನು ಪರೀಕ್ಷೆ ಮಾಡುವವರಿದ್ದರು. ಗೆದ್ದರೆ ಎಂ.ಟೆಕ್. ಸೋತರೆ ಇನ್ನೊಂದು ವರ್ಷ, ಮತ್ತು ಆ ವರ್ಷಕ್ಕೆ ಹಾಸ್ಟೆಲ್ ಇಲ್ಲ. ಅವಳಿಗೆ ಓದು ಬೇಕಾಗಿತ್ತು. ಓದು ಮುಗಿಸಿ ಹೋಗಿ ನಿಲ್ಲಲು ಬೇವಿನ ಗಿಡದ ಆ ಸಂಜೆಯೂ, ತುಂಬಿದ ಉಡಿಯ ಸಮೇತ, ಬೇಕಾಗಿತ್ತು. ಎರಡೂ ಬೇಕು ಎನ್ನುವುದು ಅತಿಯಾಸೆ ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಭಾನುವಾರ, ಹಾಸ್ಟೆಲ್ಲಿನ ಹುಡುಗಿಯರೆಲ್ಲ ಬಟ್ಟೆ ಒಗೆಯುತ್ತ ಗದ್ದಲ ಹಾಕುತ್ತಿರುವಾಗ, ಅವಳು ಕಂಪ್ಯೂಟರಿನ ಮುಂದೆ ಕೂತು ಹಸಿರು ಚೌಕಗಳನ್ನು ಕೆಂಪು ಮಾಡತೊಡಗಿದಳು. ರಾಜಗಿರಿ ಕೆಂಪಾಯಿತು. ಗೋಣಿ ಕೆಂಪಾಯಿತು. ಒಂದು ಫೋಟೋದ ಮೂಲೆಯಲ್ಲಿ ಅವ್ವನ ಕೈ ಬಂದಿತ್ತು. ಹಸಿರು ಬಳೆ, ಉಗುರಿನಲ್ಲಿ ಮಣ್ಣು, ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಹಕ್ಕರಕಿ, ಇನ್ನೂ ಕಿತ್ತಿಲ್ಲ. ಪೂನಮ್ ಆ ಫೋಟೋ ಬಿಟ್ಟು ಮುಂದೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ತಿರುಗಿ ಬಂದು ಅದಕ್ಕೂ ಕೆಂಪು ಹಾಕಿದಳು. ಹಾಕಿ, ಮುಖ ತೊಳೆದುಕೊಳ್ಳಲು ಎದ್ದು ಹೋದಳು.

ಪರೀಕ್ಷೆಗೆ ಹೊಲ ಕೊಟ್ಟವನು ಮಸಗುಪ್ಪಿಯ ಖಂಡೆಪ್ಪ. ಕುರಿಯೂ ಉಂಟು, ಹೊಲವೂ ಉಂಟು, ಮಾತು ಮಾತ್ರ ಕಡಿಮೆ. ಅವನ ಹೊಲದ ತಪ್ಪಲ ತಿಂದೇ ಪೂನಮ್ ಬೆಳೆದದ್ದು. "ಕಾಕಾ, ಹೊಲಾ ಕೊಡ್ತೀರೇನ್ರಿ?" ಎಂದು ಕೇಳಿದ್ದಕ್ಕೆ, "ಒಯ್ಯಿ. ಗೊಂಜಾಳಕ್ಕ ಪೆಟ್ಟ ಆಗಬಾರದು, ಅಷ್ಟ" ಎಂದಿದ್ದ. ಗೋವಿನಜೋಳ ಮೊಳಕಾಲೆತ್ತರ ಬಂದಿತ್ತು, ಮಳೆ ಒಳ್ಳೆಯದಾಗಿ ಸಾಲುಗಳ ನಡುವೆ ಕಸ ಹುಲುಸಾಗಿ ಎದ್ದಿತ್ತು. ಗಾಡಿ ಬಿಟ್ಟುಹೋದದ್ದನ್ನು ಹಿಂದಿನಿಂದ ನೋಡಿ ಕೀಳುವುದಕ್ಕೆ ಕಾಡವ್ವ, ಶಿವವ್ವ ಇಬ್ಬರನ್ನೂ ಅವನೇ ಕೂಲಿಗೆ ಕರೆದಿದ್ದ.

ಶಿವವ್ವ ಗಾಡಿಯನ್ನು ಒಂದು ಸುತ್ತು ಸುತ್ತಿ ನೋಡಿದಳು. "ಪುನ್ನವ್ವಾ, ಇದು ಮಧ್ಯಾಹ್ನಕ ರೊಟ್ಟಿ ಬೇಡೂದಿಲ್ಲಲಾ? ಹಂಗಾರ ನಮ್ಮನ್ನ ನಾಳೆ ಯಾಂವ ಕರೀತಾನ?"

ಪೂನಮ್ ಬಗ್ಗಿ ಗಾಡಿಯ ಗಾಲಿ ನೋಡತೊಡಗಿದಳು. ಕಾಡವ್ವನೇ ಉತ್ತರ ಕೊಟ್ಟಳು. "ನಿನ್ನ ಸೊಂಟ ಕೇಳ ಶಿವಿ, ಅದು ಹೇಳತೈತಿ. ನನ್ನ ಮಗಳ ಪರೀಕ್ಷಾ ಐತಿ, ಸುಮ್ಮನ ನಿಂದರ."

ಗಾಡಿ ಹೊರಟಿತು. ಪರೀಕ್ಷಕರು ಪ್ಯಾಂಟು ಮಡಚಿಕೊಂಡು ಪಕ್ಕದಲ್ಲೇ ನಡೆದರು. ಕರಿಕೆ ಹೋಯಿತು, ಜೇಕು ಹೋಯಿತು, ರಾಜಗಿರಿ ಹೋಯಿತು. ನೆಲಕ್ಕೆ ಅಂಟಿ ಕೂತಿದ್ದ ಹಕ್ಕರಕಿಯನ್ನೂ ಅದು ಕಂಡುಹಿಡಿದು, ಕತ್ತರಿಸಿ, ಮಣ್ಣಿಗೆ ಕಲೆಸಿ ಮುಂದೆ ಹೋಯಿತು. ಗೊಂಜಾಳದ ಒಂದು ಎಲೆಗೂ ಗಾಯವಿಲ್ಲ. ಖಂಡೆಪ್ಪ ಬದುವಿನ ಮೇಲೆ ನಿಂತು, "ಹೌದ ಅನ್ನೂಹಂಗ ಐತಿ" ಎಂದ. ಅವನ ಬಾಯಲ್ಲಿ ಅಷ್ಟು ಬರುವುದೇ ಹೆಚ್ಚು. ಪರೀಕ್ಷಕರು ಸೋಮಶೇಖರ ಸರ್ ಕೈ ಕುಲುಕಿದರು, ಆಮೇಲೆ ಪೂನಮ್‌ಳದನ್ನೂ ಕುಲುಕಿದರು. ಎಂ.ಟೆಕ್ ಆಯಿತು. ಅವಳು ತುಂಬ ದಿನಗಳಿಂದ ಕಾಯುತ್ತಿದ್ದ ಸಂತೋಷ ಬಂತು, ಅವಳು ಬ್ಲೇಡಿಗೆ ಅಂಟಿದ ಎಲೆಯ ಚೂರು ಬಿಡಿಸುತ್ತ ಕೂತಳು.

ಗಾಡಿಯನ್ನು ಟೆಂಪೋಕ್ಕೆ ಏರಿಸಿ, ಸರ್ ಅವರನ್ನು ಕಳಿಸಿ, ಅವಳು ಊರಲ್ಲೇ ಉಳಿದಳು. ಅವ್ವನ ಕೆಲಸ ಇನ್ನೂ ಮುಗಿದಿರಲಿಲ್ಲ. ಮನೆಗೆ ಹೋಗಿ ರೊಟ್ಟಿ ಬಡಿದು ಇಟ್ಟಳು, ಗುರೆಳ್ಳ ಹಿಂಡಿಯ ಡಬ್ಬಿ ತೆಗೆದಿಟ್ಟಳು. ಹೊತ್ತು ಇಳಿಯುತ್ತಿದ್ದ ಹಾಗೆ ಕಾಲುಗಳು ತಾವಾಗಿಯೇ ಬೇವಿನ ಗಿಡದ ಕಡೆ ನಡೆದವು. ಎರಡು ವರ್ಷ ಹಾಸ್ಟೆಲ್ಲಿನ ಕಿಟಕಿಯಲ್ಲಿ ನಿಂತು ಹಂಬಲಿಸಿದ ಜಾಗ ಅದು. ಅಲ್ಲಿ ನಿಂತಾಗ, ದೊಡ್ಡ ಓದು ಓದಿದ ಹೆಣ್ಣು ತಾನು ಎಂಬುದೆಲ್ಲ ಅವಳಿಗೆ ಮರೆತುಹೋಯಿತು.

ದೂರದಲ್ಲಿ ಇಬ್ಬರು ಕಂಡರು. ಕಣ್ಣು ಹಳೆಯ ರೂಢಿಯಂತೆ ಅವ್ವನ ಎಡಗೈಗೆ ಹೋಯಿತು. ಕಾಡವ್ವ ಉಡಿ ಅವುಚಿ ಹಿಡಿದುಕೊಂಡೇ, ಸ್ವಲ್ಪ ವಾರೆಯಾಗಿ ನಡೆದು ಬರುತ್ತಿದ್ದಳು. ಏನೋ ಉಳಿದಿದೆ, ಗಾಡಿಯ ಕಣ್ಣು ತಪ್ಪಿಸಿ ಎಲ್ಲೋ ಒಂದಿಷ್ಟು ಉಳಿದಿದೆ ಎಂದು ಅವಳು ಸಣ್ಣ ಹುಡುಗಿಯ ಹಾಗೆ ಓಡಿದಳು.

"ಯವ್ವಾ, ಉಡ್ಯಾಗ ಏನ ತಂದಿ?"

ಕಾಡವ್ವ ತನ್ನ ಕೈಯನ್ನು ತಾನೇ ನೋಡಿಕೊಂಡಳು. "ಅಯ್ಯ, ಸುಮ್ಮನ ಹಿಡಕೊಂಡ ಬಂದೇನಿ ನೋಡ. ಕೈ ರೂಢಿ" ಎಂದು ಸೆರಗು ಬಿಟ್ಟಳು. ಉಡಿಯಿಂದ ಒಂದಿಷ್ಟು ಒಣ ಮಣ್ಣು ಉದುರಿತು. ಆಮೇಲೆ ಮಗಳ ಗಲ್ಲ ಸವರಿ, ಊರಿಗೆಲ್ಲ ಕೇಳುವ ಹಾಗೆ ಹೇಳಿದಳು.

"ಸಾಲ ಸಾಲ ಹುಡುಕಿದೆ ಪೂನಿ, ನಿನಗ ಹಕ್ಕರಕಿ ಒಯ್ಯಬೇಕಂತ. ಒಂದ ಎಲಿ ಸೈತ ಬಿಟ್ಟಿಲ್ಲ ನಿನ್ನ ಗಾಡಿ. ಚೊಲೋ ಸಾಲಿ ಕಲಿಸೀದಿ ಅದಕ್ಕ."

ಅವ್ವನ ದನಿಯಲ್ಲಿ ಹೆಮ್ಮೆ ಬಿಟ್ಟರೆ ಬೇರೇನೂ ಇರಲಿಲ್ಲ. ಪೂನಮ್ ಖಾಲಿ ಉಡಿಯ ಚುಂಗು ಹಿಡಿದುಕೊಂಡು ಮನೆಯವರೆಗೆ ನಡೆದಳು.